ಗಣಿತ ಕೊನೆಗಿರಲಿ

ಹುಲ್ಲಿಗೆ ನೀರು ಚಿಮ್ಮಿಸುವ ಯಂತ್ರ ಚಿಕ್ ಚಿಕ್ ಎನ್ನುತ್ತಿದೆ, ಬೆಂಚು ಒದ್ದೆ, ಒದ್ದೆಯಲ್ಲೇ ಕೂತಿದ್ದೇನೆಂದು ಈಗ ಗೊತ್ತಾಗುತ್ತಿದೆ, ಇರಲಿ, ಅಮ್ಮ ಬರುವ ಹೊತ್ತಾಯಿತು, ಲೆಟ್ಯೂಸ್ ಸೊಪ್ಪನ್ನು ಪೆಟ್ಟಿಗೆಗೆ ತುಂಬುವ ಶೆಡ್ಡಿನ ಪಾಳಿ ಮುಗಿಸಿ ನೇರ ಕಾಲೇಜಿಗೇ ಬರುತ್ತಾಳೆ, ಎರಡು ವರ್ಷ ಓದಿ ಯೂನಿವರ್ಸಿಟಿಗೆ ದಾಟಿಕೊಳ್ಳುವ ಕಾಲೇಜು ಇದು, ಬಂದವಳೇ ಕೇಳುತ್ತಾಳೆ, ಏನಂದ್ರು ಮಿಹಾ, ಅವಳ ಸ್ಪ್ಯಾನಿಷಿನಲ್ಲಿ ಮಗಳೇ ಎಂದು, ಬರೋ ಸೆಪ್ಟೆಂಬರಿಗೆ ಯೂನಿವರ್ಸಿಟಿ ತಾನೆ — ಏನು ಹೇಳಲಿ, ಸಲಹೆಗಾರ್ತಿ ಮಿಸ್ ಟಿಲ್ಮನ್ ಪರದೆ ನೋಡಿ ಮೊದಲು ನಕ್ಕರು, ಎಲ್ಲದರಲ್ಲೂ ಎ ಗ್ರೇಡ್ ತಗೊಂಡಿದೀಯಲ್ಲ ಇಟ್ಸೆಲ್, ಆಮೇಲೆ ನಗು ನಿಂತಿತು, ಅಲ್ಲಾ, ಗಣಿತ ಎಲ್ಲಿ, ಕಂಪ್ಯೂಟರ್ ಸೈನ್ಸಿಗೆ ಹೋಗೋಳು ಕ್ಯಾಲ್ಕುಲಸ್ಸೇ ಶುರು ಮಾಡಿಲ್ವಲ್ಲ.

ಗಣಿತ ಕೊನೆಗಿರಲಿ ಅಂದವನು ಚೂಯ್, ದೊಡ್ಡಮ್ಮನ ಮಗ, ನಮ್ಮಲ್ಲಿ ಕಾಲೇಜಿನ ಬಾಗಿಲು ಮೊದಲು ದಾಟಿದವನು, ಅವನ ಮಾತೆಂದರೆ ಮನೆಮಂದಿಗೆಲ್ಲ ವೇದವಾಕ್ಯ, ಸುಲಭದ್ದೆಲ್ಲ ಮೊದಲು ಮುಗಿಸ್ಕೊಳೇ, ಗ್ರೇಡು ಮೇಲಿರುತ್ತೆ, ಗಣಿತ ಕೊನೇಲಿ ಒಂದೇ ಸಲ ಬಾಚ್ಕೊಂಡ್ರಾಯ್ತು, ನನಗೂ ಅದೇ ಬೇಕಿತ್ತು, ಲೆಕ್ಕವೆಂದರೆ ಮೊದಲಿಂದಲೂ ದೂರ ಓಡುವವಳು, ಹಾಗಾಗಿ ಇತಿಹಾಸ, ಭಾಷಣಕಲೆ, ಸಾಗರವಿಜ್ಞಾನ, ಸಂಗೀತ ಕೂಡ, ಸಂಗೀತ! — ಹಾಗೆ ಬಾಚಿಕೊಳ್ಳಲು ಬರುವುದಿಲ್ಲ ಅಂದರು ಮಿಸ್ ಟಿಲ್ಮನ್, ಒಂದು ಗಣಿತ ಮುಗಿಯದೆ ಮುಂದಿನದಕ್ಕೆ ಸೇರಿಸುವುದಿಲ್ಲ, ಒಂದೊಂದಕ್ಕೂ ಒಂದು ಸೆಮಿಸ್ಟರ್, ಬೇಸಿಗೇಲಿ ಎಲ್ಲಾ ಒಟ್ಟಿಗೆ ಮಾಡ್ಬಿಡ್ತೀನಿ ಮಿಸ್, ಆಗಲ್ಲ, ಇನ್ನೂ ಎರಡು ವರ್ಷ ಇಲ್ಲೇ ಅಂದ್ಕೋ, ಇಲ್ಲಾ ಸಮಾಜಶಾಸ್ತ್ರ ತಗೋ, ಅದಕ್ಕೆ ಇಷ್ಟು ಗಣಿತ ಬೇಡ, ಅದಾದ್ರೆ ಸೆಪ್ಟೆಂಬರಿಗೇ ಹೋಗಬಹುದು, ಯೋಚನೆ ಮಾಡು.

ಸಮಾಜಶಾಸ್ತ್ರ. ಶೆಡ್ಡಿನ ಪಾಳಿ ಬದಲಾದಾಗ ಅಮ್ಮನ ಫೋನಿಗೆ ಸ್ಪ್ಯಾನಿಷಿನಲ್ಲಿ ಸಂದೇಶ ಹೋಗುವಂತೆ ನಾನೇ ಬರೆದ ಪುಟ್ಟ ಪ್ರೋಗ್ರಾಂ, ಅದು ಮೊದಲ ಸಲ ಟಿಣ್ ಎಂದಾಗ ಅಮ್ಮ ಫೋನಿಗೇ ಮುತ್ತು ಕೊಟ್ಟಿದ್ದಳು, ಅದು ಬಿಟ್ಟು ನನಗೇನೂ ಬೇಡ, ಏನೂ ಬೇಡ, ಆದರೆ ಎರಡು ವರ್ಷ ಅಂದರೆ ಆ ಅಂಗಿ — ಯೂನಿವರ್ಸಿಟಿ ನೋಡಲು ಹೋದ ದಿನ ಅಮ್ಮ ಕೊಂಡ ನೀಲಿ ಸ್ವೆಟ್‌ಶರ್ಟು, ಎದೆಯ ಮೇಲೆ ಯೂನಿವರ್ಸಿಟಿಯ ಹೆಸರು, ಕೆಳಗೆ ಅಮ್ಮ ಎಂದು ಇಂಗ್ಲಿಷಿನಲ್ಲಿ ಹಳದಿ ಕಸೂತಿ, ಶೆಡ್ಡಿನ ಥಂಡಿಗೆ ಅದನ್ನೇ ತೊಡುತ್ತಾಳೆ, ಒಳಮೈ ಹೊರಗೆ ಮಾಡಿ, ಅಕ್ಷರ ಮಾಸಬಾರದು, ಎದೆಯ ಮೇಲೆ ಬರೀ ದಾರದ ಗಂಟುಗಳು, ಜೊತೆಯವರು ಕೆಣಕುತ್ತಾರೆ, ಯಾಕೆ ಒಫೇಲಿಯಾ, ನಿನ್ ಯೂನಿವರ್ಸಿಟಿ ಬೆನ್ನು ತೋರಿಸ್ತಿದೆ, ಬಿಡ್ರೇ, ಮಗಳು ಹೋಗೋದು ಗಟ್ಟಿಯಾದ ದಿನ ಮುಖಾನೂ ತೋರಿಸತ್ತೆ, ಒಗೆದಾಗಲೂ ಹಾಗೇ ತಿರುವಿ ಒಣಹಾಕುತ್ತಾಳೆ, ದಾರದ ಗಂಟುಗಳು, ಹೇಳಿಬಿಡಲೇ ಸಮಾಜಶಾಸ್ತ್ರವೆಂದು, ಅವಳಿಗೇನು ವ್ಯತ್ಯಾಸ ಗೊತ್ತಾಗುತ್ತದೆ, ಗೊತ್ತಾಗದು, ಅದೇ ಭಯ — ಅಗೋ ಬಂದಳು, ಪಾರ್ಕಿಂಗಿನಲ್ಲಿ ನಮ್ಮ ಕಾರು, ಬಾಗಿಲು ತೆಗೆದು ಇಳಿದಳು, ಕೈ ಬೀಸಿದಳು, ಕೂಗುತ್ತಿದ್ದಾಳೆ, ಗಟ್ಟಿಯಾಯ್ತಾ ಮಿಹಾ, ನಾನು ತಲೆಯಾಡಿಸಿದೆನೇ, ಇಲ್ಲ, ಬಿಸಿಲಿಗೆ ಮುಖ ತಗ್ಗಿಸಿದೆ ಅಷ್ಟೇ, ಅವಳಿಗೆ ಹೌದೆಂದು ಕಂಡಿರಬೇಕು, ಅಲ್ಲೇ ಕಾರಿನ ಪಕ್ಕ, ಎಲ್ಲರೆದುರು, ಅಂಗಿ ಕಳಚಿ ತಿರುವುತ್ತಿದ್ದಾಳೆ, ಹಳದಿ ಅಕ್ಷರ ಈಚೆಗೆ ಬಂತು, ಈಗ ತೊಡುತ್ತಿದ್ದಾಳೆ, ಎರಡೂ ಕೈ ಮೇಲೆ, ನೀಲಿಯೊಳಗೆ ಸಿಕ್ಕಿಕೊಂಡ ತಲೆ, ಇನ್ನೂ ಹೊರಗೆ ಬಂದಿಲ್ಲ.