ಎರಡಕ್ಕೂ ಒಂದೇ ಅಕ್ಷರ

ಜಗನ್ನಾಥಾಚಾರ್ರು ಇಪ್ಪತ್ತೆರಡು ವರ್ಷ ರಾಯಚೂರು ಜೈಲಿನಲ್ಲಿ ಖೈದಿಗಳ ದಫ್ತರ ಬರೆದವರು. ಕೋಳಿ ಕದ್ದವನಿಗೂ ಕೊಲೆ ಮಾಡಿದವನಿಗೂ ಒಂದೇ ಚಂದದ ಉರ್ದು ಅಕ್ಷರ. ನಿಜಾಮರ ಸರಕಾರ ಹೋದ ಮರುವರ್ಷ, ದೇವದುರ್ಗದ ಬಸವಂತಮ್ಮ ಆಚಾರ್ರ ಮನೆಯ ಕಟ್ಟೆಗೆ ಬಂದು ಕೂತಳು.

"ಯಪ್ಪಾ, ನನ್ನ ಗಂಡನ್ನ ಕೊಂದ ಮರಿಸ್ವಾಮಿ ನಮ್ಮೂರ ಕಮಿಟಿಗೆ ಅಧ್ಯಕ್ಷ ಆಗಾಕ ನಿಂತಾನ್ರಿ. ದೇಶಕ್ಕಾಗಿ ಜೇಲಿಗೆ ಹೋಗಿದ್ದೆ ಅನಕೋತ ತಿರಗಾಕತ್ತಾನ. ನಿಮ್ಮ ಬುಕ್ಕಿನ್ಯಾಗ ಇದ್ದದ್ದು ಬಂದು ಓದ್ರಿ."

ದಫ್ತರದಲ್ಲಿ ಇತ್ತು: ಅಕ್ಕಿ ಗಿರಣಿ ಮಾಲಿಕ ಮರಿಸ್ವಾಮಿ, ಹಮಾಲ ವಿರೂಪಣ್ಣನ ಖೂನಿ, ಕಬ್ಬಿಣದ ಸಲಾಕೆ. ಸತ್ತವನು ಹಮಾಲನಾದ್ದರಿಂದ ಮೂರೇ ವರ್ಷ. ಆಚಾರ್ರು ನಕಲು ತೆಗೆದು ದೇವದುರ್ಗದ ಬಸ್ಸು ಹತ್ತಿದರು.

ಆಯ್ಕೆ ನಡೆಸಲು ಮಾನ್ವಿಯಿಂದ ವಕೀಲ ಗೋಪಾಲಕೃಷ್ಣ ಬಂದಿದ್ದರು. ಅವರೂ ಚಳವಳಿಯಲ್ಲಿ ಏಳು ತಿಂಗಳು ರಾಯಚೂರು ಜೈಲಿನಲ್ಲಿದ್ದವರೇ. ಜೈಲು ಕಂಡವರಿಗೇ ಅಧ್ಯಕ್ಷಗಿರಿ ಎಂದಿದ್ದರಿಂದ ಅರ್ಜಿಯಲ್ಲಿ ಯಾವ ಜೈಲು, ಎಷ್ಟು ದಿನ ಎಂದು ಕೇಳಿತ್ತು. ಯಾಕೆ ಎಂದು ಕೇಳುವುದು ಯಾರಿಗೂ ಹೊಳೆದಿರಲಿಲ್ಲ.

ಆಚಾರ್ರು ಚಾವಡಿಯಲ್ಲಿ ಎದ್ದು ನಿಂತು ನಕಲು ಓದಿದರು. ಮರಿಸ್ವಾಮಿ ಕೂತಲ್ಲಿಂದಲೇ ಹೇಳಿದ.

"ವಕೀಲಸಾಹೇಬ್ರ, ಅದ ಬುಕ್ಕಿನ್ಯಾಗ ನಿಮ್ಮ ಹೆಸರಿನ ಮುಂದ ಏನು ಬರದಾರ, ಅದನ್ನೂ ಓದಸ್ರಿ."

ಗೋಪಾಲಕೃಷ್ಣ ನಕ್ಕರು. "ಡಕಾಯಿತಿ ಅಂತ ಬರದಾರಪಾ! ಶಾಲಿ ಮ್ಯಾಲ ಝಂಡಾ ಹಾರಿಸಿದ್ದಕ್ಕ. ಬರದವರು ಯಾರ್ರೀ, ಆಚಾರ್ರ?"

ಆ ಝಂಡಾದ ಕಾಲದಲ್ಲಿ ಆಚಾರ್ರು ಮೇಲಿನವರು ಹೇಳಿದಂತೆ ಹನ್ನೊಂದು ಜನ ಮರ್ಯಾದಸ್ಥರನ್ನು ಒಂದೇ ಮುಂಜಾನೆ ಡಕಾಯಿತರನ್ನಾಗಿ ಬರೆದಿಟ್ಟು, ಮನೆಗೆ ಹೋಗಿ ನೆಮ್ಮದಿಯಾಗಿ ಉಂಡಿದ್ದರು.

"ನಾನ ರೀ. ಆದ್ರ ಅದು ಸುಳ್ಳು. ಇದು ಖರೇ."

"ಎರಡೂ ನಿಮ್ಮ ಅಕ್ಷರ ಹೌದಲ್ಲ?" ವಕೀಲರು ಕೇಳಿದರು.

"ಹೌದ್ರಿ."

ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಆಚಾರ್ರ ಕೈಯಾಗ ಸಿಕ್ಕಿದ್ರ ನಮ್ಮ ಎತ್ತೂ ಡಕಾಯಿತ ಆಗ್ತಿತ್ತಲೇ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಮೂರು ವರ್ಷವೆಂದರೆ ವಕೀಲರಿಗಿಂತ ಐದು ಪಟ್ಟು ಎಂದು ಇನ್ನೊಬ್ಬ ಲೆಕ್ಕ ಹಾಕಿದ. ಅಲ್ಲಿಗೆ ಆಯ್ಕೆಯೂ ಮುಗಿಯಿತು. ವಕೀಲರೇ ಹಾರ ಹಾಕಿದರು.

ಹಾರದ ಸಮೇತ ಮರಿಸ್ವಾಮಿ ಬಂದು ಆಚಾರ್ರ ಕಾಲು ಮುಟ್ಟಿದ. "ಆ ಕಾಗದ ಕೊಡ್ರಿ, ಮೂರು ವರ್ಷದ ಜೇಲಿಗೆ ಸಾಕ್ಷಿ ಅದು. ಗಾಜಿನ ಕಟ್ಟು ಹಾಕಿಸಿ ಗಿರಣ್ಯಾಗ ತೂಗಹಾಕ್ತೀನಿ." ಕೇಳಿದ್ದು ಬಾಯಿಮಾತಿಗೆ, ಕಾಗದ ಆಗಲೇ ಅವನ ಕೈಯಲ್ಲಿತ್ತು.

ಹೊರಗೆ ಬೇವಿನ ಗಿಡದ ಕೆಳಗೆ ಬಸವಂತಮ್ಮ ಕಾಯುತ್ತಿದ್ದಳು.

"ಓದಿದ್ರೇನ್ರೀ, ಯಪ್ಪಾ?"

"ಓದಿದೆನವ್ವಾ."

"ಎಲ್ಲಾ ಓದಿದ್ರಿ? ಸಲಾಕಿದೂ?"

"ಎಲ್ಲಾನೂ."

"ಮತ್ತ ಚಪ್ಪಾಳಿ ಯಾಕ ಬಡದ್ರು?"

ಆಚಾರ್ರು ಕೊಡೆ ಬಿಚ್ಚಿದರು, ಮತ್ತೆ ಮಡಿಚಿದರು. ರಾಯಚೂರಿನ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು.