ಹೌಸಾಬಾಯಿಗೆ ಏನು ಸೇರುತ್ತಿತ್ತು

ಓಣಿಯವರು ಮಾಡಿಕೊಟ್ಟ ಏಡಿ ಸಾರಿನ ಡಬ್ಬಿಯ ಮುಚ್ಚಳ ತಿರುವುತ್ತಿದ್ದ ಮಗನ ಕೈಯನ್ನು ಶಿದ್ರಾಮ ಗಪ್ಪನೆ ಹಿಡಿದ.

"ಅದನ್ನ ಇಡಬ್ಯಾಡ, ಭೂಷಣ."

"ಯಾಕಪ್ಪಾ? ಅವ್ವ ಜಲ್ಮಾ ಎಲ್ಲಾ ಏಡಿ ಹಿಡದು ಮಾರಿದಾಕಿ. ಅದನ್ನ ಬಿಟ್ಟು ಮತ್ತೇನ ಇಡೂದು?"

"ಮಾರತಿದ್ಳು. ಒಂದಿನಾನೂ ಬಾಯಾಗ ಹಾಕ್ಕೊಂಡಾಕಿ ಅಲ್ಲ."

ಸಾಂಗ್ಲಿ ಬದಿಯ ಹರಿಪುರದ ಹೊಳೆದಂಡೆಯಲ್ಲಿ ಹೌಸಾಬಾಯಿಯನ್ನು ಸುಟ್ಟು ಇದು ಮೂರನೆಯ ದಿನ. ಎಲುಬು ಆರಿಸಿ, ಬೂದಿ ನೀರಿಗೆ ಬಿಟ್ಟಾಗಿತ್ತು. ಇನ್ನು ಸುಟ್ಟ ಜಾಗದಲ್ಲಿ ಎಲೆ ಹಾಸಿ, ಸತ್ತವಳಿಗೆ ಸೇರುತ್ತಿದ್ದದ್ದನ್ನು ಬಡಿಸಿ, ಕಾಗೆಗಾಗಿ ಕಾಯಬೇಕು. ಕಾಗೆ ಮುಟ್ಟಿದರೆ ಹೋದವಳು ತೃಪ್ತಿಯಿಂದ ಹೋದಳು. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದೇ ಲೆಕ್ಕ. ಎಲೆಯ ಮೇಲೆ ಆಗಲೇ ಪೇಡೆ, ಜಿಲೇಬಿ, ಖಾರದ ಚುರಮುರಿ ಭಡಂಗ, ಒಂದು ಕಪ್ ಚಹಾ ಇದ್ದವು. ಬೇವಿನ ಮರದಲ್ಲಿ ಕಾಗೆಗಳಿಗೇನೂ ಬರವಿರಲಿಲ್ಲ. ಆದರೆ ಒಂದೂ ಕೆಳಗಿಳಿಯಲಿಲ್ಲ.

ಶಿದ್ರಾಮನ ಅಣ್ಣ ಸಿದರಾಯ ಕೈಮುಗಿದು, "ಹೌಸಾ, ನಿನ್ನ ಗಂಡನ್ನ ನಾವು ನೋಡಕೋತೀವಿ, ಕಾಳಜಿ ಬಿಡು," ಎಂದ. ಭೂಷಣ, "ಮಯೂರಿನ್ನ ಛಲೋ ಮನೀಗೆ ಕೊಡತೀನವ್ವಾ," ಎಂದು ತಂಗಿಯ ಮದುವೆಗೆ ಮಾತು ಕೊಟ್ಟ. ಮರದ ಮೇಲಿನ ಕಾಗೆ ಕುತ್ತಿಗೆ ಆ ಕಡೆ ತಿರುಗಿಸಿತು. ಇಂಥ ಮಾತು ಬಹಳ ಕೇಳಿದ ಕಾಗೆ ಇರಬೇಕು.

"ಅಪ್ಪಾ, ಹಂಗಾರ ಅವ್ವಗ ಏನ ಸೇರತಿತ್ತು?" ಎಂದು ಮಯೂರಿ ಕೇಳಿದಳು.

ಶಿದ್ರಾಮ ಎಲೆಯ ಮೇಲಿದ್ದದ್ದನ್ನು ಒಂದೊಂದಾಗಿ ನೋಡಿದ. ಹೌಸಾಬಾಯಿ ಮಲಗಿದ್ದ ಮಿರಜದ ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಕೂತು ಕೂತು ಅವನ ಸೊಂಟ ಹಿಡಿದಿತ್ತು. ಅಳುವುದಕ್ಕೂ ತ್ರಾಣ ಉಳಿದಿರಲಿಲ್ಲ. ಭೂಷಣನಿಗೆ ಶೇಂಗಾ ಚಟ್ನಿ, ಮಯೂರಿಗೆ ಹುಳಿ, ತನಗೆ ಎಣ್ಣೆಗಾಯಿ: ಎಲ್ಲರ ನಾಲಿಗೆಯೂ ಅವಳಿಗೆ ಬಾಯಿಪಾಠವಿತ್ತು. ಅವಳು ಉಣ್ಣುತ್ತಿದ್ದದ್ದು ಎಲ್ಲರದೂ ಆದ ಮೇಲೆ, ಒಲೆಯ ಕಡೆ ಮುಖಮಾಡಿ. ಆ ತಾಟಿನಲ್ಲಿ ಏನಿರುತ್ತದೆಂದು ಅವನು ಎಂದೂ ಇಣುಕಿ ನೋಡಿದವನಲ್ಲ. ಈಗ ಹೆಂಡತಿಯನ್ನು ಕಳಿಸಿಕೊಡಬೇಕೆಂದರೆ ಅದೊಂದನ್ನೇ ಕೇಳುತ್ತಿದ್ದಾರೆ. ಅವನಿಗೆ ಭಾರಿ ನಾಚಿಕೆಯಾಯಿತು.

"ಗೊತ್ತಿಲ್ಲವ್ವಾ," ಎಂದ.

* * *

ಶಿದ್ರಾಮ ದುಡಿಯುತ್ತಿದ್ದ ಕುಪವಾಡದ ನೂಲಿನ ಗಿರಣಿಗೆ ಬೀಗ ಬಿದ್ದ ವರ್ಷ ಅದು, ಮಕ್ಕಳಿನ್ನೂ ಸಣ್ಣವರು. ಸಾಂಗ್ಲಿಯಲ್ಲಿ ಬಣ್ಣದ ಟೀವಿಯ ಅಂಗಡಿಗಳು ಒಂದೊಂದಾಗಿ ತೆರೆಯುತ್ತಿದ್ದವು, ಶಿದ್ರಾಮ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದ. ಅದೇ ಹೊತ್ತಿಗೆ ಊರಿನ ಭೂಪಾಲ ಪಾಟೀಲರು ಹೊಲವನ್ನೆಲ್ಲ ಪ್ಲಾಟು ಮಾಡಿ ಆಲೆಮನೆ ಕೆಡವಿದರು. ಬೆಲ್ಲ ಕಾಸುವ ಒಂದು ಸಣ್ಣ ಕೊಪ್ಪರಿಗೆಯನ್ನು ಹೌಸಾಬಾಯಿ ಬೇಡಿ ತಂದಳು. ಮಹಾಪೂರ ಬಂದಾಗ ಆ ಸೀಮೆಯವರು ಕೊಪ್ಪರಿಗೆಯಲ್ಲೇ ಹೊಳೆ ದಾಟುತ್ತಾರೆ. ಇವಳು ಅದರಲ್ಲಿ ಕೂತು ಏಡಿ ಹಿಡಿಯತೊಡಗಿದಳು. ಅಥಣಿ ಕಡೆಯ ಹೊಳೆದಂಡೆ ಅವಳ ತವರು, ನೀರೆಂದರೆ ಅಂಗಳವಿದ್ದಂತೆ. ಶಿದ್ರಾಮನೋ ಬಯಲುಸೀಮೆಯವನು, ಕೊಡದೊಳಗಿನ ನೀರನ್ನಷ್ಟೇ ಕಂಡವನು.

ಒಂದು ದಿನ ಅವಳು ನಸುಕಿನಲ್ಲೇ ಹೊಳೆಗೆ ಹೋಗಿದ್ದಳು. ಮಕ್ಕಳು ಹಸಿವೆಂದು ಅತ್ತಾಗ ಶಿದ್ರಾಮ ತಾನೇ ರೊಟ್ಟಿ ಬಡಿದ. ಉಳಿದ ಎರಡನ್ನು ಅರಿವೆಯಲ್ಲಿ ಸುತ್ತಿಕೊಂಡು ದಂಡೆಗೆ ಓಡಿದ.

"ಬರ್ರಿ, ಹತ್ರಿ. ಮನ್ಯಾಗ ಕುಂತು ಏನ ಮಾಡತೀರಿ, ಕಸಬು ಕಲೀರಿ," ಎಂದಳು ಕೊಪ್ಪರಿಗೆಯಲ್ಲಿದ್ದ ಹೌಸಾಬಾಯಿ. "ನಟ್ಟನಡಕ ಕುಂದ್ರಿ. ಅಂಚು ಹಿಡೀಬ್ಯಾಡ್ರಿ."

ಅವನು ಅಂಚನ್ನೇ ಹಿಡಿದ. ಕೊಪ್ಪರಿಗೆ ಬುಗುರಿಯ ಹಾಗೆ ಗಿರಗಿರನೆ ತಿರುಗಿತು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂದು ಕಣ್ಣುಮುಚ್ಚಿ ಕೂತ. ಒಬ್ಬರಿಗೆ ಸಾಕಾಗುವ ಜಾಗ, ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಹೌಸಾಬಾಯಿ ಕೋಳಿ ಕರುಳು ಕಟ್ಟಿದ ದಾರವನ್ನು ಅವನ ಕೈಗೆ ಕೊಟ್ಟು, ತಾನು ಅರಿವೆಯ ಗಂಟು ಬಿಚ್ಚಿದಳು.

ಗಿರಣಿಯಲ್ಲಿ ಹರಿದ ಎಳೆಯನ್ನು ರೆಪ್ಪೆ ಬಡಿಯುವುದರೊಳಗೆ ಗಂಟು ಹಾಕುತ್ತಿದ್ದ ಬೆರಳು ಅವನವು. ದಾರ ಬಿಗಿಯಾದದ್ದೇ ತಡ, ಜಗ್ಗಿಬಿಟ್ಟ. ಬರೀ ಕರುಳು ಬಂತು. ಮತ್ತೆ ಬಿಟ್ಟ, ಮತ್ತೆ ಜಗ್ಗಿದ, ಮತ್ತೆ ಕರುಳು.

"ಹಂಗ ಜಗ್ಗತಾರೇನ್ರಿ?" ಬಾಯ್ತುಂಬ ರೊಟ್ಟಿ ಇಟ್ಟುಕೊಂಡೇ ಅವಳು ನಕ್ಕಳು. "ಉಣ್ಣಾಕ ಕುಂತೈತಿ ಅದು. ಉಣ್ಣಾವ್ರನ್ನ ಎಬ್ಬಸಬಾರದು. ಮೆಲ್ಲಕ ಎತ್ರಿ, ತಿನಕೋತ ತಿನಕೋತ ತಾನ ಮ್ಯಾಲ ಬರತೈತಿ."

ಉಸಿರು ಬಿಗಿಹಿಡಿದು ಎತ್ತಿದ. ಕರುಳು ಕಚ್ಚಿಕೊಂಡೇ ಏಡಿ ಮೇಲೆ ಬಂತು. ಅವಳು ಅದರ ಕೆಳಗೆ ಬುಟ್ಟಿ ಹಿಡಿದಳು. ಎಷ್ಟೋ ತಿಂಗಳ ಮೇಲೆ ಶಿದ್ರಾಮ ನಕ್ಕ. ಆಮೇಲೆ ನೋಡಿದರೆ ಎರಡೂ ರೊಟ್ಟಿ ಖಾಲಿ.

"ಒಂದ ಬಾಜೂ ಸುಟ್ಟಿತ್ತು," ಎಂದ ಸಂಕೋಚದಿಂದ.

"ಸುಟ್ಟರ ಸುಡಲಿ. ಬಿಸಿ ಇತ್ತು. ಬಿಸಿ ರೊಟ್ಟಿ ಅಂದ್ರ ನನಗ ಜೀವ ನೋಡ್ರಿ. ಬಡಿಯಾಕಿಗೆ ಅದೆಲ್ಲಿ ಸಿಗಬೇಕು?"

ಚೇಷ್ಟೆಯ ಮಾತೆಂದುಕೊಂಡು ಅವನು ಮುಂದಿನ ದಾರ ಬಿಟ್ಟ. ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಕಾರಖಾನೆಯಲ್ಲಿ ಕಾವಲಿನ ಕೆಲಸ ಸಿಕ್ಕಿತು. ಮತ್ತೆ ಕೊಪ್ಪರಿಗೆ ಹತ್ತಲಿಲ್ಲ, ಹಿಟ್ಟನ್ನೂ ಮುಟ್ಟಲಿಲ್ಲ.

* * *

"ಜ್ವಾಳದ ಹಿಟ್ಟ ಬೇಕು," ಎಂದ ಶಿದ್ರಾಮ, ದಂಡೆಯ ಮೇಲೆ ಒಲೆಗೆ ಮೂರು ಕಲ್ಲು ಹೊಂದಿಸುತ್ತ.

"ಹುಚ್ಚ ಹಿಡೀತೇನ ತಮ್ಮಾ?" ಸಿದರಾಯ ರೇಗಿದ. "ಸೂತಕದಾಗ ಒಲಿ ಹಚ್ಚತಾರೇನು? ಮಂದಿ ಏನಂದಾರು?"

"ಅನ್ನಲಿ ಬಿಡ್ರಿ ಅಣ್ಣಾ. ಒಂದಿನಾ ಬಿಟ್ರ ಆಕೀಗೆ ಒಂದ ಬಿಸಿ ರೊಟ್ಟಿ ಹಾಕಿಲ್ಲ ನಾವ್ಯಾರೂ."

ಯಾರೂ ಅಲುಗಲಿಲ್ಲ. ಪಕ್ಕದ ಮನೆಯ ಶಾಲನ ಎಂಬಾಕೆ ಜೈನರ ಹೆಣ್ಣುಮಗಳು, ಏಡಿ ಡಬ್ಬಿಗೆ ಅಂಜಿ ಅಷ್ಟು ದೂರ ನಿಂತಿದ್ದವಳು. ಅವಳೇ ಮನೆಗೆ ಹೋಗಿ ಹಿಟ್ಟು, ಹಂಚು, ಕಡ್ಡಿಪೆಟ್ಟಿಗೆ ತಂದಿಟ್ಟಳು.

"ನಾ ಬಡದು ಕೊಡ್ಲ್ಯಾ ಕಾಕಾ?"

"ಬ್ಯಾಡವ್ವಾ."

ಮೊದಲ ರೊಟ್ಟಿ ಕೈಯಲ್ಲೇ ಹರಿಯಿತು. ಎರಡನೆಯದು ಹಂಚಿನ ಮೇಲೆ ಮುರಿಯಿತು. ಹಸಿ ಕಟ್ಟಿಗೆಯ ಹೊಗೆ ಮುಖಕ್ಕೆ ಬಡಿಯಿತು. ಮೂರು ದಿನದಿಂದ ಬಾರದ ಅಳು ಆಗ ಬಂತು. ಶಿದ್ರಾಮ ಬಿಕ್ಕಿ ಬಿಕ್ಕಿ ಅಳುತ್ತಲೇ ಬಡಿದ. ಕೊನೆಗೊಂದು ಸೊಟ್ಟಪಟ್ಟ ರೊಟ್ಟಿ ಉಬ್ಬಿತು. ಪೇಡೆ ಜಿಲೇಬಿಗಳನ್ನು ಆಚೆ ಸರಿಸಿ, ಅದನ್ನು ಎಲೆಯ ನಡುವೆ ಇಟ್ಟು ಹಿಂದೆ ಸರಿದ.

ಒಂದು ಕಾಗೆ ಮರ ಬಿಟ್ಟಿತು. ಅದು ಕುಪ್ಪಳಿಸುತ್ತ ಬಂದು ರೊಟ್ಟಿಗೆ ಕೊಕ್ಕು ಹಾಕಿತು, ಹಾಕಿದ್ದೇ ರೆಕ್ಕೆ ಬಡಿದು ಹಿಂದಕ್ಕೆ ಹಾರಿತು.

"ನೋಡು, ವಲ್ಲೆ ಅಂತು," ಎಂದು ಸಿದರಾಯ ಎದ್ದು ನಿಂತ.

"ಸುಮ್ಮನ ಕುಂದ್ರಿ ಅಣ್ಣಾ," ಎಂದ ಶಿದ್ರಾಮ. "ಬಿಸಿ ಐತಿ ಅದು."

ಕಾಗೆ ಹಾರಿಹೋಗಲಿಲ್ಲ. ಹಬೆಯಾಡುವ ರೊಟ್ಟಿಯ ಪಕ್ಕದಲ್ಲೇ ಕತ್ತು ವಾರೆ ಮಾಡಿ ನಿಂತು, ಆರಲೆಂದು ಕಾಯತೊಡಗಿತು.