ಕಾಯಂ ಪಂಚ

ಭಾನುವಾರ ಮಧ್ಯಾಹ್ನ ಧಾರವಾಡದ ಹಾಸ್ಟೆಲ್ಲಿನ ಕಾಯಿನ್ ಬೂತಿನಿಂದ ಭುವನಾ ಅಪ್ಪನ ಚಹಾದಂಗಡಿಗೆ ಫೋನು ಮಾಡಿದರೆ, ಎತ್ತುತ್ತಿದ್ದವರು ಹೆಚ್ಚಾಗಿ ಪೊಲೀಸರು. ಅಂಗಡಿ ಇದ್ದದ್ದು ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ರಸ್ತೆಯ ಒಂದು ಊರಿನಲ್ಲಿ, ಠಾಣೆಯ ಎದುರಿಗೆ.

"ಏ ಕೊಟ್ರಪ್ಪಾ, ನಿನ್ನ ಮಗಳು ನೋಡಪಾ. ನಮ್ಮ ಇಲಾಖೆ ಬಗ್ಗೆ ಓದಾಕತ್ತಾಳ, ಹುಷಾರಿಂದ ಮಾತಾಡು" ಎಂದು ಹವಾಲ್ದಾರ ದುರಗಪ್ಪ ನಗುತ್ತಿದ್ದ. ಅಪ್ಪ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಒಂದು ರೂಪಾಯಿ ಮುಗಿಯುತ್ತಿತ್ತು.

ಭುವನಾ ಓದುತ್ತಿದ್ದದ್ದು ಅಪರಾಧಶಾಸ್ತ್ರದ ಎಂ.ಎ. ಪೊಲೀಸ್ ವ್ಯವಸ್ಥೆಯ ಇಂದಿನ ಸಮಸ್ಯೆಗಳು ಎಂಬುದು ಅದರಲ್ಲೊಂದು ವಿಷಯ. ಆ ವಾರ ಮೇಷ್ಟ್ರು ಪಂಚನಾಮೆಯ ಪಾಠ ಮಾಡಿದರು. ಕದ್ದ ಮಾಲು ಸಿಕ್ಕಾಗ ಊರಿನ ಇಬ್ಬರು ಅದನ್ನು ಕಣ್ಣಾರೆ ನೋಡಿ ಸಹಿ ಮಾಡಬೇಕು, ಅವರೇ ಪಂಚರು. "ನಡೆಯೋದು ಬೇರೆ. ಠಾಣೆ ಪಕ್ಕ ಒಬ್ಬ ಕಾಯಂ ಪಂಚ ಇರ್ತಾನೆ. ಪಾನ್ ಅಂಗಡಿಯವನೋ, ಚಹಾದವನೋ. ಯಾವ ಕೇಸಿಗಾದರೂ ಸಹಿ ಮಾಡ್ತಾನೆ, ಏನನ್ನೂ ನೋಡಿರೋದಿಲ್ಲ."

ಕ್ಲಾಸು ನಕ್ಕಿತು. ಭುವನಾಳೂ ನಕ್ಕಳು. ನಗದಿದ್ದರೆ ಯಾರಾದರೂ ತಿರುಗಿ ನೋಡುತ್ತಿದ್ದರು. ರಾತ್ರಿ ಮೆಸ್ಸಿಗೆ ಹೋಗಲಿಲ್ಲ. ಶನಿವಾರ ಊರಿನ ಬಸ್ಸು ಹತ್ತಿದಳು.

ಅಂಗಡಿಯ ಬೆಂಚು ಖಾಲಿಯಿತ್ತು. ಅವಳು ಚಿಕ್ಕವಳಿದ್ದಾಗ ಅಲ್ಲಿ ರೈತರು ಕೂತು ಮಳೆ, ಮೆಣಸಿನಕಾಯಿ ದರ ಮಾತಾಡುತ್ತಿದ್ದರು. ಕೊಟ್ರಪ್ಪ ಠಾಣೆಯ ಪಂಚನಾಮೆಗಳಿಗೆ ಸಹಿ ಮಾಡತೊಡಗಿದ ಮೇಲೆ ಒಬ್ಬೊಬ್ಬರಾಗಿ ಅಲ್ಲಿ ಕೂರುವುದನ್ನು ಬಿಟ್ಟರು. ಅವ್ವ ತೀರಿಕೊಂಡಾಗ ಮಾತಾಡಿಸಲು ಬಂದವರೂ ನಿಂತೇ ಮಾತಾಡಿ ಹೋಗಿದ್ದರು.

"ಅಪ್ಪಾ, ಸಹಿ ಮಾಡೂ ಮುಂದ ನೀ ಏನರ ನೋಡಿರ್ತೀಯೇನು?"

"ಏನ ನೋಡೂದು?"

"ಮಾಲು. ಅದು ಸಿಕ್ಕ ಜಾಗಾ."

ಕೊಟ್ರಪ್ಪ ಸೋಸುವ ಬಟ್ಟೆ ಹಿಂಡಿದ. "ಈ ಅಂಗಡಿ ಸರಕಾರದ ಜಾಗಾದಾಗ ಐತಿ. ಪೊಲೀಸ್ರು ಅದನ್ನ ನೋಡಿದ್ರೂ ನೋಡಲಾರದಂಗ ಇರ್ತಾರ, ನಾ ನೋಡಲಾರದ ಸಹಿ ಮಾಡ್ತೇನಿ. ನಿನ್ನ ಮೆಸ್ಸಿನ ಬಿಲ್ಲು ಎಲ್ಲಿಂದ ಬರತೈತಿ ಅಂತ ತಿಳಕೊಂಡೀದಿ?"

ಭುವನಾ ಎಂಜಲು ಗ್ಲಾಸುಗಳನ್ನು ಎತ್ತಿಕೊಂಡು ತೊಳೆಯಲು ಹೋದಳು.

ಭಾನುವಾರ ಬೆಳಗಿನಿಂದ ಠಾಣೆಯ ಗೇಟಿನ ಬಳಿ ಅದೇ ಊರಿನ ಕುಲ್ಸುಮಬಿ ನಿಂತಿದ್ದಳು. ಅವಳ ಮಗ ದಾದಾಪೀರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ. ದಲಾಲನೊಬ್ಬನ ಚೀಲ ಕಳುವಾಗಿದೆಯೆಂದು ಅವನನ್ನು ಹಿಡಿದು ತಂದಿದ್ದರು. ದುರಗಪ್ಪ ಕಾಗದ ಹಿಡಿದು ರಸ್ತೆ ದಾಟಿ ಬಂದ. ಚೀಲ ದಾದಾಪೀರನ ಮನೆಯಲ್ಲಿ ಸಿಕ್ಕಿತು ಎಂದು ಅದರಲ್ಲಿ ಬರೆದಿತ್ತು; ಇಬ್ಬರು ಪಂಚರಲ್ಲಿ ಒಬ್ಬನ ಸಹಿ ಆಗಲೇ ಬಿದ್ದಿತ್ತು.

"ಲಗೂ ಒಂದ ಸಹಿ ಹಾಕಪಾ, ಸಾಹೇಬ್ರು ಹೊಂಟಾರ."

"ಹವಾಲ್ದಾರ್ರ, ಅಪ್ಪ ಅವರ ಮನೀಗೆ ಹೋಗೇ ಇಲ್ಲಲ್ರಿ" ಎಂದಳು ಭುವನಾ.

ದುರಗಪ್ಪ ಸಿಟ್ಟಾಗಲಿಲ್ಲ. ಟೊಪ್ಪಿಗೆ ತೆಗೆದು ಬೆಂಚಿನ ಮೇಲೆ ಕೂತ. "ತಂಗಿ, ನೀ ಓದಿದ್ದು ಖರೇ ಐತಿ. ಈಗ ಓಣ್ಯಾಗ ಹೋಗಿ, ಪಂಚ ಆಗ್ತೇನಿ ಅನ್ನಾವ ಒಬ್ಬನ್ನ ಕರಕೊಂಡ ಬಾ ನೋಡೂಣು. ಜೀಪ್ ಕಂಡ್ರ ಬಾಗಲಾ ಹಾಕ್ಕೋತಾರ. ಕೋರ್ಟಿಗೆ ಬಾ ಅಂದ್ರ ಹೊಲದಾಗ ಕೆಲಸಾ ಅಂತಾರ. ಕಳ್ಳ ಬಿಡುಗಡೆ ಆಗಿ ಬಂದ ಮ್ಯಾಲ ನಮಗ ಬೈತಾರ. ಇದಕ್ಕ ನಿಮ್ಮ ಪುಸ್ತಕದಾಗ ಏನರ ಬರದಾರೇನು?"

"ಇಲ್ರಿ."

"ಮತ್ತ?"

"ನಾ ಬರ್ತೇನಿ. ನಡೀರಿ, ಅವರ ಮನಿ ತೋರಸ್ರಿ."

ದುರಗಪ್ಪ ಕೊಟ್ರಪ್ಪನ ಕಡೆ ನೋಡಿದ. ಕೊಟ್ರಪ್ಪನ ಕೈಯಲ್ಲಿ ಆಗಲೇ ಪೆನ್ನಿತ್ತು. ಅವನು ಗೇಟಿನ ಬಳಿ ನಿಂತವಳನ್ನು ನೋಡಿದ.

"ಮನೀಗೆ ಹೋಗೂದೇನ ಬ್ಯಾಡ್ರಿ ಹವಾಲ್ದಾರ್ರ" ಎಂದ. ದುರಗಪ್ಪನಿಗೆ ಹಗುರವಾಯಿತು. "ಆ ಚೀಲ ನಿನ್ನೆ ಮುಂಜಾನೆ ದಲಾಲ್ರ ಟೆಂಪೋದಾಗಿಂದ ನಿಮ್ಮ ಠಾಣ್ಯಾಗ ಇಳೀತು. ಛಾ ಕೊಡಾಕ ಬಂದಾವ ನಾನ ಒಂದ ಮಗ್ಗಲ ಹಿಡದೇನಿ. ಈ ಸಲ ನಾ ಖರೇನ ನೋಡೇನ್ರಿ."

ಪೆನ್ನನ್ನು ಗ್ಲಾಸುಗಳ ಪಕ್ಕ ಇಟ್ಟ.

ದುರಗಪ್ಪ ನಿಧಾನವಾಗಿ ಟೊಪ್ಪಿಗೆ ಹಾಕಿಕೊಂಡ. "ಅಂಗಡಿ ವಿಚಾರ ಮಾಡ್ಕೋ ಕೊಟ್ರಪ್ಪ. ನನ್ನ ಕೈಯಾಗ ಏನೂ ಇಲ್ಲ." ಅದು ಬೆದರಿಕೆಯೋ ಕಳಕಳಿಯೋ ಅವನಿಗೂ ಗೊತ್ತಿದ್ದಂತಿರಲಿಲ್ಲ.

ಸಂಜೆಯೊಳಗೆ ಪಕ್ಕದ ಸೈಕಲ್ ಅಂಗಡಿಯವನು ಸಹಿ ಮಾಡಿದ. ದಾದಾಪೀರನನ್ನು ಬಿಡಲಿಲ್ಲ. ಠಾಣೆಯಿಂದ ಚಹಾಕ್ಕೆ ಯಾರೂ ಬರಲಿಲ್ಲ. ಕೊಟ್ರಪ್ಪ ಕಾಸಿದ್ದನ್ನು ಗಟಾರಕ್ಕೆ ಚೆಲ್ಲಿ ಪಾತ್ರೆ ತೊಳೆದ. ಮರುದಿನ ಬಸ್ಸು ಹತ್ತುವಾಗ ಭುವನಾಳಿಗೆ ತಾನು ಮಾಡಿದ್ದು ಸರಿಯೆಂದು ಗೊತ್ತಿತ್ತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಮುಂದಿನ ಭಾನುವಾರ ಫೋನು ಬಹಳ ಹೊತ್ತು ಬಡಿದುಕೊಂಡಿತು. ಅಪ್ಪನೇ ಎತ್ತಿದ.

"ಯಾರದಾರಪ್ಪಾ ಅಂಗಡ್ಯಾಗ?"

"ಯಾರ ಬರ್ತಾರವಾ. ಅಂಗಡಿ ತಗೀ ಅಂತ ನೋಟಿಸು ಬಂದೈತಿ." ಆಮೇಲೆ ದನಿ ತಗ್ಗಿಸಿದ. "ದಾದಾಪೀರನ ವಕೀಲ ಬಂದಿದ್ದ. ನೋಡಿದ್ದು ಕೋರ್ಟಿನ್ಯಾಗ ಹೇಳ್ತೀರೇನು ಅಂದ. ಹೂಂ ಅಂದೇನಿ."

ಆ ಕಡೆ ಬೆಂಚು ಎಳೆದ ಸದ್ದಾಯಿತು.

"ಅದ್ಯಾರು?"

"ಕುಲ್ಸುಮಬಿ. ಮಗನ್ನ ನೋಡಾಕ ಹಾವೇರಿ ಜೈಲಿಗೆ ಹೊಂಟಾರ. ಛಾ ಒಲ್ಲೆ ಅಂದ್ರು. ಬಸ್ಸು ಬರೂತನಾ ಕುಂತಾರ, ಅಷ್ಟ."

ಭುವನಾ ಇನ್ನೊಂದು ನಾಣ್ಯ ಹಾಕಿದಳು. ಆಚೆ ಬದಿಯಲ್ಲಿ ಸ್ಟೋವಿನ ಸದ್ದು ಕೇಳುತ್ತಿತ್ತು.